ಪಟೇಲರ ರೈಫಲ್, ವಜೀರ್ ಸಾಬರ ಗುಂಡು

ನಮ್ಮಪ್ಪ ಪಟೇಲ್ ತೀರ್ಥಪ್ಪನವರ ಬೇಟೆ ರೈಫಲ್ಲಿಗೆ ಎರಡು ಬೆಲೆ ಇತ್ತು. ಬರೀ ರೈಫಲ್ಲಿಗೆ ಎರಡೂವರೆ ಸಾವಿರ. ಜೊತೆಗೊಂದು ಸುಳ್ಳು ಸೇರಿಸಿದರೆ ನಾಲ್ಕು ಸಾವಿರ. ಇದು ನನಗೆ ಗೊತ್ತಾದದ್ದು ೧೯೮೨ರಲ್ಲಿ, ಅದನ್ನು ಮಾರಲು ಹೊರಟಾಗ. ಅದಕ್ಕೂ ಮೊದಲು ವಜೀರ್ ಸಾಬರ ವಿಷಯ ಹೇಳಬೇಕು.

ವಜೀರ್ ಸಾಬರು ಬೀರೂರಿನಲ್ಲಿ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಸ್ಟವ್ ರಿಪೇರಿ ಅಂಗಡಿ ಇಟ್ಟಿದ್ದರು. ಸಣಕಲು ಆಳು, ಹತ್ತಿರ ಬಂದರೆ ಸೀಮೆಎಣ್ಣೆ ವಾಸನೆ. ಸ್ಟವ್ವಿಗೆ ಜೋರಾಗಿ ಪಂಪು ಹೊಡೆದು ಹಾಳು ಮಾಡಿಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. ಎಂಥ ಗಿರಾಕಿಯಾದರೂ ಬಿಡುತ್ತಿರಲಿಲ್ಲ. ಆದರೆ ನಮ್ಮಪ್ಪನ ಎದುರಿಗೆ ಮಾತ್ರ ಬಾಯಿ ತೆರೆಯದ ಮನುಷ್ಯ.

ನಮ್ಮದು ಯಗಟಿಯ ಲಿಂಗಾಯತರ ಮನೆ. ಕೋಳಿಮೊಟ್ಟೆಗೂ ಹೊಸ್ತಿಲು ದಾಟುವ ಅಪ್ಪಣೆ ಇಲ್ಲ. ಅಂಥ ಮನೆಗೆ ಬೇಟೆ ರೈಫಲ್ ಯಾಕೆ ಬಂತು ಅಂದರೆ, ಪಟೇಲರ ಮನೆ ಅಂದಮೇಲೆ ಗೋಡೆಯ ಮೇಲೊಂದು ಇರಲಿ ಅಂತ, ಅಷ್ಟೇ. ಹರಾಜಿನಲ್ಲಿ ಕೊಂಡು ತಂದರಂತೆ. ಅಪ್ಪನಿಗೆ ಅದನ್ನು ಬಿಚ್ಚಲೂ ಬಾರದು, ಜೋಡಿಸಲೂ ಬಾರದು. ಆ ಕೆಲಸಕ್ಕೆ ವಜೀರ್ ಸಾಬರು. ಲೈಸೆನ್ಸಿನಲ್ಲಿ ಅಪ್ಪನ ಹೆಸರಿನ ಕೆಳಗೆ 'ರಿಟೇನರ್' ಅಂತ ಅವರ ಹೆಸರೂ ಇತ್ತು. ಅಂದರೆ ಯಜಮಾನರ ಪರವಾಗಿ ಕೋವಿ ಹಿಡಿಯುವ ಹಕ್ಕಿದ್ದವರು. ಅದನ್ನವರು ಹೆಂಡತಿ ಸುಗ್ರಾಬಿಯ ಮುಂದೂ ಸರ್ಕಾರಿ ಹುದ್ದೆಯ ಹಾಗೆ ಹೇಳಿಕೊಳ್ಳುತ್ತಿದ್ದರು. ಸಂಬಳವೇನೂ ಇರಲಿಲ್ಲ, ಸುಗ್ಗಿಯಲ್ಲಿ ಎರಡು ಮೂಟೆ ರಾಗಿ.

೧೯೫೮ರಲ್ಲಿ ಯಗಟಿಯ ಕುರಿಹಟ್ಟಿಗಳಿಗೆ ಒಂದು ಚಿರತೆ ಗಂಟುಬಿತ್ತು. ಒಂದು ಸಂಜೆ ಅಪ್ಪ ಮತ್ತು ವಜೀರ್ ಸಾಬರು ಇಬ್ಬರೇ ಹಳ್ಳದ ಕಡೆ ಹೋದರು, ಚಿರತೆ ಸತ್ತಿತು, ಅಪ್ಪನ ಕೊರಳು ಹಾರದಿಂದ ತುಂಬಿತು. ಊರಿನವರ ಪಾಲಿಗೆ ಅಪ್ಪ ಚಿರತೆ ಹೊಡೆದ ಪಟೇಲರಾದರು. ನಾನೂ ಸ್ಕೂಲಿನಲ್ಲಿ ಅದನ್ನೇ ಹೇಳಿಕೊಂಡು ಮೆರೆದವಳು. ಸಾಯುವ ವರ್ಷ ಅಪ್ಪ ಮಜ್ಜಿಗೆ ಕುಡಿಯುತ್ತಾ ತಾವಾಗಿಯೇ ಅಂದರು: "ಮಲ್ಲೀ, ಅವತ್ತು ನಾನು ರೈಫಲ್ಲು ಅವನ ಕೈಗೆ ತುರುಕಿ ಮರ ಹತ್ಬಿಟ್ಟೆ ಕಣೇ. ಹೊಡ್ದೋನು ವಜೀರ. ಪುಣ್ಯಾತ್ಮ ಇವತ್ತಿಗೂ ಒಬ್ರ ಹತ್ರ ಬಾಯಿ ಬಿಟ್ಟಿಲ್ಲ." ನನಗೆ ಅಪ್ಪನ ಮೇಲೆ ಕೋಪ ಬಂತು. ಆಮೇಲೆ ಅಯ್ಯೋ ಅನ್ನಿಸಿತು.

ಅಪ್ಪ ಹೋದಮೇಲೆ ಲೈಸೆನ್ಸೂ ಹೋಯಿತು, ರಿಟೇನರ್ ಹುದ್ದೆಯೂ ಹೋಯಿತು. ರೈಫಲ್ಲನ್ನು ಕಡೂರಿನ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟೆವು. ಒಬ್ಬಳೇ ಮಗಳಾದ್ದರಿಂದ ವಾರಸುದಾರಳು ನಾನು, ಊರಿನ ಮಿಡ್ಲ್ ಸ್ಕೂಲ್ ಮೇಷ್ಟ್ರಮ್ಮ. ಬೆತ್ತ ಹಿಡಿದವಳೇ ಹೊರತು ಕೋವಿ ಹಿಡಿದವಳಲ್ಲ. ವಜೀರ್ ಸಾಬರ ಹೆಸರಿಗೇ ಮಾಡಿಸೋಣ ಅಂತ ಅರ್ಜಿ ಹಾಕಿಸಿದೆ. ಬೆಳೆ ಕಾಯಲು ಜಮೀನಿಲ್ಲದವರಿಗೆ ಕೋವಿ ಯಾಕೆ ಅಂತ ಅರ್ಜಿ ವಾಪಸ್ ಬಂತು. ಅವರು ಮಾತ್ರ ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಕಡೂರಿಗೆ ಹೋಗಿ, ಪೇದೆಯನ್ನು ಕಾಡಿ ಬೇಡಿ, ಠಾಣೆಯ ಬೆಂಚಿನ ಮೇಲೆ ಅದಕ್ಕೆ ಎಣ್ಣೆ ಹಚ್ಚಿ ಬರುತ್ತಿದ್ದರು. ಮಾರದಿದ್ದರೆ ಸರ್ಕಾರದ ಪಾಲಾಗುತ್ತದೆ ಅಂತ ನೋಟೀಸು ಬಂದಾಗ ಅವರೇ ಹೇಳಿದರು: "ಮಾರಿಬಿಡಿ ಅಮ್ಮಾ. ಆದ್ರೆ ಕಮ್ಮಿಗೆ ಕೊಡ್ಬೇಡಿ, ದೊಡ್ಡೋರ ಮರ್ಯಾದೆ ಪ್ರಶ್ನೆ."

ಗಿರಾಕಿ ಒಬ್ಬ ಎಸ್ಟೇಟ್ ಮಾಲೀಕ. ಠಾಣೆಯಲ್ಲಿ ರೈಫಲ್ ನೋಡಿಕೊಂಡು, ವಜೀರ್ ಸಾಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ನಮ್ಮನೆಗೆ ಬಂದ. ಎರಡೂವರೆ ಅಂದ. ಆಮೇಲೆ ಗೋಡೆಯ ಫೋಟೋ ಕಣ್ಣಿಗೆ ಬಿತ್ತು: ಸತ್ತ ಚಿರತೆ, ಹಿಂದೆ ಕುರ್ಚಿಯಲ್ಲಿ ಅಪ್ಪ, ಚಿರತೆಯ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿದ ಒಂದು ಕೈ. ಕೈಯ ಒಡೆಯ ಫೋಟೋದಿಂದ ಆಚೆಗಿದ್ದ.

"ಪಟೇಲರೇ ಹೊಡೆದದ್ದು ಅಂತ ಫೋಟೋ ಜೊತೆ ಒಂದು ಕಾಗದ ಬರೆದುಕೊಡಿ, ನಾಲ್ಕು ಸಾವಿರ ಕೊಡ್ತೀನಿ," ಅಂದ. "ಅಂದಹಾಗೆ ಈ ಕೈ ಯಾರದು?"

"ನಂದು," ಅಂದರು ವಜೀರ್ ಸಾಬರು, ಒಂದು ಚೂರೂ ತಡವರಿಸದೆ. "ನಾನು ಹಿಡ್ಕೊಂಡೋನು ಸ್ವಾಮಿ. ಹೊಡ್ದೋರು ದೊಡ್ಡೋರೇ. ಒಂದೇ ಗುಂಡು."

ನಾನು ಕಾಗದ ತೆಗೆದುಕೊಂಡು ಕೂತೆ. ಒಂದೂವರೆ ಸಾವಿರ ಅಂದರೆ ನನಗೆ ಎರಡು ತಿಂಗಳ ಸಂಬಳ. ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ತಲೆ ಎತ್ತಿದರೆ ವಜೀರ್ ಸಾಬರು ಬೇಗ ಬರೀರಿ ಅಂತ ಕಣ್ಣಲ್ಲೇ ಅವಸರ ಮಾಡುತ್ತಿದ್ದಾರೆ. ಈ ಮನುಷ್ಯನಿಗೆ ಇರುವುದು ಇದೊಂದೇ ಗುಂಡು, ಅದನ್ನೂ ನಮ್ಮ ಮನೆಗೇ ಕೊಡಲು ನಿಂತಿದ್ದಾನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಬರೆದೆ: ಈ ರೈಫಲ್ಲಿನಿಂದ ಚಿರತೆ ಹೊಡೆದವರು ಬೀರೂರಿನ ವಜೀರ್ ಸಾಬರು.

ಗಿರಾಕಿ ಅದನ್ನು ಗಟ್ಟಿಯಾಗಿ ಓದಿ ನಕ್ಕ. "ಇದನ್ನ ಗೋಡೆಗೆ ಹಾಕಿ ನಾನೇನು ಹೇಳಲಿ ಮೇಡಂ?" ಅಂತ ಕಾಗದವನ್ನೂ ಫೋಟೋವನ್ನೂ ಬಿಟ್ಟು, ಎರಡೂವರೆ ಎಣಿಸಿಟ್ಟು, ಠಾಣೆಗೆ ತೋರಿಸುವ ಮಾರಾಟದ ಪತ್ರಕ್ಕೆ ಸಹಿ ಹಾಕಿಸಿಕೊಂಡು ಹೊರಟುಹೋದ.

ಜೀಪು ಮರೆಯಾದದ್ದೇ ತಡ, ಅಷ್ಟು ವರ್ಷ ನಮ್ಮ ಮನೆಯಲ್ಲಿ ದನಿ ಎತ್ತದ ಮನುಷ್ಯ ಕೆಂಡವಾದರು. "ಏನು ಬರೆದ್ರಿ ಅಮ್ಮಾ ಅದ್ರಲ್ಲಿ? ಒಂದೂವರೆ ಸಾವಿರ ಮಣ್ಣುಪಾಲು ಮಾಡಿದ್ರಲ್ಲ! ಸತ್ತೋರ ಮಾನ ತೆಗೆಯೋಕೆ ನಿಮಗೆ ಹೆಂಗೆ ಮನಸ್ಸು ಬಂತು? ಯಾರು ಹೇಳಿದ್ರು ನಿಮಗೆ ಈ ಕಥೇನ?"

"ಅಪ್ಪನೇ ಹೇಳಿದ್ದು," ಅಂದೆ. "ಮರ ಹತ್ತಿದ್ದನ್ನೂ ಹೇಳಿದ್ರು."

ಅವರು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟರು. "ದೊಡ್ಡೋರೇ ಹೇಳಿದ್ರಾ?" ಅಂದರು. "ಅವರ ಬಾಯಿಂದ್ಲೇ?" ಅಂತ ಮತ್ತೊಮ್ಮೆ ಕೇಳಿದರು. ಹೌದು ಅಂದೆ. ಟವೆಲಿನಿಂದ ಮುಖ ಒರೆಸಿಕೊಂಡರು. ನನಗೂ ಕಣ್ಣು ತುಂಬಿತು, ಮರೆಮಾಡಲಿಲ್ಲ.

ಆಮೇಲೆ ಎದ್ದು ಬಂದು ಮೇಜಿನ ಮೇಲಿದ್ದ ಕಾಗದವನ್ನು ಕೈಗೆತ್ತಿಕೊಂಡರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

"ಕೆಳಗಡೆ ನಿಮ್ಮ ಸಹಿ ಐತಾ?"

"ಐತೆ."

"ಪಟೇಲ್ ತೀರ್ಥಪ್ಪನೋರ ಮಗಳು ಅಂತ ಬರೆದಿದ್ದೀರಾ?"

"ಇಲ್ಲ."

"ಅದನ್ನೂ ಬರೀರಿ ಅಮ್ಮಾ," ಅಂದರು ವಜೀರ್ ಸಾಬರು, ಪೆನ್ನನ್ನು ನನ್ನ ಕೈಗೆ ಕೊಡುತ್ತಾ. "ಇಲ್ದಿದ್ರೆ ನಮ್ಮನೇಲಿ ಸುಗ್ರಾಬಿ ನಂಬಲ್ಲ."