ಬೆಳ್ಳಿ ಬಳಿದ ರೇಡಿಯೊ

ಬೀದಿಯವರು ಅವನನ್ನು ಕರೆಯುವುದು ಸಿಡಿಮಿಡಿ ಎಂದು. ಅದೂ ಬಾಗಿಲು ಹಾಕಿಕೊಂಡು. ಅವನು ತನ್ನನ್ನು ಕರೆದುಕೊಳ್ಳುವುದು ಮ್ಯಾನೇಜಿಂಗ್ ಡೈರೆಕ್ಟರ್ ಎಂದು. ಬಡಾವಣೆಗೆ ಇಂಟರ್‌ನೆಟ್ ಕೊಡುವ ಆ ಸಂಸ್ಥೆಯ ಸಿಬ್ಬಂದಿಯೆಂದರೆ ಅವನು ಮತ್ತು ಒಂದು ಏಣಿ. ಏಣಿಗೂ ಬೈಗುಳ ತಪ್ಪಿದ್ದಲ್ಲ. ಚಿಕ್ಕಂದಿನಲ್ಲಿ ಕಲ್ಲು ಎಡವಿದರೆ ಅಳುತ್ತಿರಲಿಲ್ಲವಂತೆ. ತಿರುಗಿ ಬಂದು ಆ ಕಲ್ಲನ್ನೇ ಒದ್ದು ಇನ್ನೊಂದು ಬೆರಳನ್ನೂ ಜಜ್ಜಿಕೊಳ್ಳುತ್ತಿದ್ದನಂತೆ. ಹೇಳುವವಳು ಅವನ ಅಕ್ಕ.

ಆ ಅಕ್ಕನ ತಾರಸಿಯ ಮೇಲೇ ಅವನ ವ್ಯವಹಾರದ ಜುಟ್ಟು ಇತ್ತು. ಊರಾಚೆಯ ಎತ್ತರದ ಕಟ್ಟಡದಿಂದ ಗಾಳಿಯಲ್ಲಿ ಬರುವ ಇಂಟರ್‌ನೆಟ್ಟನ್ನು ಅಲ್ಲಿನ ಕಂಬದ ರೇಡಿಯೊ ಹಿಡಿದುಕೊಳ್ಳಬೇಕು, ಅಲ್ಲಿಂದ ತಂತಿಯಲ್ಲಿ ಮನೆಮನೆಗೆ. ಈ ಮಳೆಗಾಲದಲ್ಲಿ ಎರಡು ಹನಿ ಬಿದ್ದರೆ ಸಾಕು, ರೇಡಿಯೊ ಮೂರ್ಛೆ ಹೋಗುತ್ತಿತ್ತು. ಅಕ್ಕ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಗಣಿತ ಹೇಳಿಕೊಡುವವಳು. ಇನ್ನೊಂದು ಸಲ ಪಾಠ ನಡುವೆ ನಿಂತರೆ ಬೇರೆ ಟೀಚರನ್ನು ನೋಡಿಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿಬಿಟ್ಟಿದ್ದರು.

ಸಿಡಿಮಿಡಿ ಅಂಗಡಿಯವನಿಗೆ ಫೋನ್ ಹಚ್ಚಿದ. “ನೀವು ಮಾರೋದು ರೇಡಿಯೋನಾ, ಉಪ್ಪಿನ ಮೂಟೆನಾ? ಮಳೆ ಕಂಡ್ರೆ ಕರಗತ್ತಲ್ರೀ!”

“ಹೊರಗಡೆ ಇಡೋಕಂತಲೇ ಮಾಡಿರೋದು ಸಾರ್. ನಿಮಗೆ ಕಳಿಸಿರೋದು ಮೂರನೇದು. ಬೇರೆ ಯಾರೂ ದೂರಿಲ್ಲ.”

“ಬೇರೆಯವರಿಗೆ ಮಾನ ಇಲ್ಲ, ನನಗಿದೆ!”

ಮೂರನೆಯದನ್ನು ಕಂಬಕ್ಕೇರಿಸಿ ಇಳಿಯುವಷ್ಟರಲ್ಲೇ ಮಳೆ ಧೋ ಎಂದು ಸುರಿಯಿತು. ರೇಡಿಯೊ ಜಗ್ಗಲಿಲ್ಲ, ಕೆಲಸ ಮಾಡುತ್ತಲೇ ಇತ್ತು. ಬಿಸಿಲು ಬಂದದ್ದೇ, ಅವನು ಡಬ್ಬಿ, ಬ್ರಷ್ಷು ಹಿಡಿದು ಮತ್ತೆ ಏಣಿ ಹತ್ತಿದ. ಅಕ್ಕ ಅಲ್ಲೇ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳು.

“ಏನೋ ಅದು?”

“ಬೆಳ್ಳಿ ಬಣ್ಣ. ಗೇಟಿಗೆ ಹೊಡೀತಾರಲ್ಲ, ಅಲ್ಯೂಮಿನಿಯಂದು. ಎಲ್ಲರದೂ ಬಿಳೀ ರೇಡಿಯೋನೇ. ಇದು ನಮ್ಮದು ಅಂತ ಕೆಳಗಿನೋರಿಗೆ ಗೊತ್ತಾಗೋದು ಬೇಡ್ವಾ? ತುಕ್ಕೂ ಹಿಡಿಯಲ್ಲ.”

“ಪ್ಲಾಸ್ಟಿಕ್ಕಿಗೆ ಯಾವ ತುಕ್ಕೋ? ಹಿಂದಿನ ಎರಡಕ್ಕೂ ಬಳಿದಿದ್ಯಾ?”

“ಮತ್ತೆ? ಎರಡೆರಡು ಕೋಟು!”

ಅಕ್ಕ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. “ಈಗ ಸುರಿದ ಮಳೇಲಿ ಇದು ಕೈಕೊಡಲಿಲ್ಲ. ಇದಕ್ಕೆ ಬಣ್ಣ ಆಗಿದ್ಯೇನೋ?”

ಬ್ರಷ್ಷು ಗಾಳಿಯಲ್ಲೇ ನಿಂತಿತು. ರೇಡಿಯೊ ಮುಂದೆ ಲೋಹ ಅಡ್ಡ ಬರಬಾರದೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಪಕ್ಕದ ತಾರಸಿಯ ಗಿರಾಕಿಯೊಬ್ಬ ಅದರೆದುರು ತಗಡು ನಿಲ್ಲಿಸಿದಾಗ ಬೀದಿಗೆಲ್ಲ ಕೇಳುವಂತೆ ಬೈದವನೇ ಅವನು. ಡಬ್ಬಿಯೊಳಗಿದ್ದದ್ದೂ ತಗಡಿನ ಪುಡಿಯೇ ಎಂದು ಮಾತ್ರ ಹೊಳೆದಿರಲಿಲ್ಲ. ಬಣ್ಣ ಬಳಿದ ರೇಡಿಯೊದಲ್ಲಿ ಸಿಗ್ನಲ್ ಮೊದಲೇ ಸೊರಗಿರುತ್ತಿತ್ತು, ಉಳಿದದ್ದನ್ನು ಮಳೆ ನುಂಗುತ್ತಿತ್ತು.

ಅವನಿಗೆ ಕೆಂಡದಂಥ ಸಿಟ್ಟು ಬಂತು. ಏಣಿಯಿಂದಿಳಿದು ಒದೆಯೋಣವೆಂದರೆ ಕಲ್ಲೂ ಇಲ್ಲ, ಡಬ್ಬಿಯನ್ನೇ ಕೆಳಗಿಟ್ಟು ಒದ್ದ. ಕಾಲಿನ ಬೆರಳು ಬೆಳ್ಳಿಯಾಯಿತು.

ಸಂಜೆ ಮಳೆ ಮತ್ತೆ ಜಡಿಯಿತು. ಅಕ್ಕನ ಕೋಣೆಯ ಬಾಗಿಲಾಚೆ ಅವನು ಕಿವಿಗೊಟ್ಟು ಕೂತ. ಭಿನ್ನರಾಶಿಗಳು ಎಲ್ಲೂ ತಡೆಯದೆ ಕೊನೆಯವರೆಗೆ ಹರಿದವು. ಅಕ್ಕ ಹೊರಬಂದು, “ಪಾಪ, ಅಂಗಡಿಯವನಿಗೆ ಒಂದು ಮಾತು ಹೇಳೋ” ಎಂದಳು.

ಹೇಳಿದ. “ರೇಡಿಯೋ ಸರಿಯಾಗಿದೆ ಕಣ್ರೀ. ಆದ್ರೆ ಬಿಳೀದನ್ನ ಯಾಕ್ರೀ ಮಾಡ್ತೀರಿ? ನೋಡೋಕೆ ಲಕ್ಷಣವಾಗಿದ್ದಿದ್ರೆ ನಾನ್ಯಾಕ್ರೀ ಬಳೀತಿದ್ದೆ?”