ಜಡೆಯಲ್ಲಿದ್ದ ಸೂಜಿ

ಉದ್ದ ನಾಲ್ಕೂಮುಕ್ಕಾಲು ಅಡಿ, ಮಾತು ಥಾನುಗಟ್ಟಲೆ, ಒಟ್ಟಿನಲ್ಲಿ ಬಣ್ಣ ಬಿಡದ ಮಾಲು. ನನ್ನ ಬಟ್ಟೆ ಅಂಗಡಿಯ ಈ ಗಿರಾಕಿ ರಾಕೆಟ್ ಕಂಪನಿಯಲ್ಲಿ ರಾಕೆಟ್ಟಿಗೆ ಶಾಖ ತಡೆಯುವ ಹೊದಿಕೆ ಹೊಲಿಯುವ ದರ್ಜಿ. ಹಾರಿಸುವ ದಿನ ಬೆಳಿಗ್ಗೆ ಅವಳ ಡಬ್ಬಿಯಲ್ಲಿ ಒಂದು ಸೂಜಿ ಕಮ್ಮಿಯಿತ್ತು. ಹೊದಿಕೆಯೊಳಗೇ ಉಳಿದಿದ್ದರೆ? ಕೆಲಸ ಹೋದರೆ ಹೋಗಲಿ ಎಂದು ಎದೆ ಗಟ್ಟಿ ಮಾಡಿಕೊಂಡು ಹೇಳಿಯೇಬಿಟ್ಟಳು. ರಾಕೆಟ್ ನಿಂತಿತು, ಮುನ್ನೂರು ಜನ ಹುಡುಕಿದರು. ಕೊನೆಗೆ ಸೂಜಿ ಸಿಕ್ಕಿದ್ದು ಅವಳ ಜಡೆಯಲ್ಲೇ, ಅವಳೇ ಸಿಕ್ಕಿಸಿಕೊಂಡು ಮರೆತಿದ್ದಳು.

“ಅಮ್ಮಾ ತಾಯಿ, ಇಷ್ಟೊತ್ತೂ ತಲೆ ಮೇಲೇ ಇಟ್ಕೊಂಡಿದ್ರಾ?” ಎಂದು ಮೇಲಧಿಕಾರಿ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ತಪ್ಪನ್ನು ತಾವಾಗಿ ಒಪ್ಪಿಕೊಂಡವರಿಗೆ ಒಂದು ದಿನ ಆ ತಿರುಗುವ ಕುರ್ಚಿ. ಅದು ಅಲ್ಲಿನ ಪದ್ಧತಿ. ಕಾಲು ನೆಲಕ್ಕೆ ಎಟುಕದ ಅವಳು ಸಂಜೆಯವರೆಗೂ ಬುಗುರಿಯಾದಳು.

“ರಾಕೆಟ್ಟಿಗಿಂತ ನಾನೇ ಜಾಸ್ತಿ ಸುತ್ತು ಹೊಡ್ದೆ ಕಣ್ರೀ” ಎಂದಳಂತೆ ಗಂಡನಿಗೆ.

ಬಟ್ಟೆಯಲ್ಲಿ ತೂತಿದ್ದರೆ ಗಿರಾಕಿ ಕೇಳುವ ಮೊದಲೇ ಹೇಳುವುದನ್ನು ನಾನು ಕಲಿತದ್ದು ಅವಳಿಂದ.