ಬಾಗಿಲಲ್ಲಿ ಕೆಮ್ಮಿದವಳು

ರಮಾ, ನನಗೆ ವಾಸನೆ ಬರುವುದಿಲ್ಲ. ತಲೆಯ ಆಪರೇಷನ್ ಆದಾಗಿನಿಂದ ಇವತ್ತಿನವರೆಗೂ ಬಂದಿಲ್ಲ — ಮಲ್ಲಿಗೆಯದೂ ಇಲ್ಲ, ಸೀದ ಹಾಲಿನದೂ ಇಲ್ಲ. ಬರುತ್ತದೆ ಎಂದು ನಿನಗೆ, ನಿನ್ನ ಭಾವನಿಗೆ, ಡಾಕ್ಟರಿಗೆ, ಕೊನೆಗೆ ದೇವರಿಗೂ ಸುಳ್ಳು ಹೇಳಿಕೊಂಡು ಬಂದೆ.

ಮದರಾಸಿನಲ್ಲಿ ನಮ್ಮ ಮೈಲಾಪೂರಿಗೆ ಮೇಲುಸೇತುವೆಯ ರೈಲು ಬಂದ ಹೊಸತು ಅದು. ತಲೆಬುರುಡೆಯ ತಳದಲ್ಲಿ, ಮೂಗಿನ ಮೇಲ್ಗಡೆ, ಗಡ್ಡೆ ಬೆಳೆದು ನನ್ನ ಕಣ್ಣು ಮಂಜಾಗುತ್ತಿತ್ತು. ಗಡ್ಡೆ ತೆಗೆದರೆ ಕಣ್ಣು ಉಳಿದೀತು, ವಾಸನೆಗೆ ಮಾತ್ರ ಭರವಸೆ ಕೊಡಲಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಣ್ಣು ಉಳಿಯಿತು. ಬೇರೆಯವರಾಗಿದ್ದರೆ ಅಷ್ಟಕ್ಕೇ ಕೈಮುಗಿಯುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡುವ ಹಾಗಿಲ್ಲ. ಆವಿಯ ವಾಸನೆ ಹಿಡಿದೇ ಹುಳಿಗೆ ಉಪ್ಪು ಸಾಲದು ಎನ್ನುತ್ತಿದ್ದವಳು ನಾನು. ಹಿರಿಸೊಸೆಯ ಗತ್ತೆಲ್ಲ ಆ ಮೂಗಿನಲ್ಲೇ ಇತ್ತು — ಅದು ಹೋಯಿತು ಎಂದು ಹೇಗೆ ಹೇಳಲಿ?

ತಪಾಸಣೆಯ ದಿನ, ನನಗಿಂತ ಮುಂಚೆ ಒಳಗೆ ಹೋಗಿ ಬಂದ ಹೆಂಗಸು, ಕಣ್ಣು ಮುಚ್ಚಿಸಿ ಮೊದಲು ಕಾಫಿಪುಡಿ, ಆಮೇಲೆ ಸೋಪು ಹಿಡಿಯುತ್ತಾರೆ ಎಂದಳು. ನಾನು ಹುಬ್ಬು ಗಂಟಿಕ್ಕಿ, ಬಹಳ ಯೋಚಿಸುವವಳ ಹಾಗೆ, ಅದೇ ಕ್ರಮದಲ್ಲಿ ಒಪ್ಪಿಸಿದೆ. ಪುಡಿಗೆ ಚಿಕೋರಿ ಜಾಸ್ತಿ ಹಾಕಿದ್ದಾರೆ ಎಂದೂ ಸೇರಿಸಿದೆ. "ರೊಂಬ ಸಂತೋಷಂ ಮಾಮಿ," ಎಂದರು ಡಾಕ್ಟರು, ಕಣ್ಣು ತುಂಬಿಕೊಂಡು. ಇಂಥ ಗಡ್ಡೆ ತೆಗೆದ ಮೇಲೆ ವಾಸನೆ ಉಳಿಯುವುದು ಅಪರೂಪವಂತೆ. ಕಿರಿಯ ಡಾಕ್ಟರುಗಳನ್ನೆಲ್ಲ ಕರೆದು ನನ್ನ ಮೂಗು ತೋರಿಸಿದರು.

ಆ ವರ್ಷದ ರಾಮನವಮಿ ನಿನಗೆ ಮರೆತಿರಲಾರದು. ನೀನು ನನ್ನ ಓರಗಿತ್ತಿಯಾಗಿ ಮೈಸೂರಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಗ್ಗರಣೆಗೆ ನಾನು ಇಂಗು ಹಾಕಿದೆ, ಸಾಲದು ಅನಿಸಿತು — ಅನಿಸುವುದೇನು, ಏನೂ ಅನಿಸಲಿಲ್ಲ, ಅದಕ್ಕೇ ಮತ್ತೆ ಹಾಕಿದೆ. ಊಟಕ್ಕೆ ಕೂತ ನೆಂಟರು ಮೊದಲ ತುತ್ತಿಗೇ ನೀರಿನ ಲೋಟ ಹುಡುಕಿದರು. ಆಗ ಎಲ್ಲರೆದುರು ನಾನಾಡಿದ ಮಾತು: "ಒಗ್ಗರಣೆ ರಮಾದು. ಪುರಸೈವಾಕ್ಕತ್ತು ಅಂಗಡಿಯಿಂದ ಅವಳೇ ತಂದ ಇಂಗು, ಪೆರುಂಗಾಯ. ಇನ್ಮೇಲೆ ಅವಳನ್ನ ಒಲೆ ಪಕ್ಕಮೇ ಬಿಡಬಾರದು."

ನೀನು ಬಾಯಿ ತೆರೆದೆ, ನನ್ನ ಮುಖ ನೋಡಿ ಮುಚ್ಚಿಕೊಂಡೆ. ಅಲ್ಲಿಂದ ಹಬ್ಬ ಬಂದರೆ ನಿನಗೆ ತರಕಾರಿ ಹೆಚ್ಚುವುದು, ಎಲೆ ಒರೆಸುವುದು, ಅಷ್ಟೇ. ನಿಮ್ಮಮ್ಮ ಕಲಿಸಿದ ಹೆಸರುಬೇಳೆ ಪಾಯಸವನ್ನು ಒಮ್ಮೆ ದೇವರಿಗೆ ಮಾಡಬೇಕೆಂದು ನಿನಗೆಷ್ಟು ಆಸೆಯಿತ್ತು ಎಂದು ನನಗೆ ಗೊತ್ತಿತ್ತು.

ಆಮೇಲೆ ನಿನಗೆ ಕೆಮ್ಮು ಶುರುವಾಯಿತು. ಅಡುಗೆಮನೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ, ನಾನು ಕೈಕೆಲಸ ನಿಲ್ಲಿಸಿ ಒಲೆಯತ್ತ ನೋಡುವವರೆಗೂ. ಮದರಾಸಿನ ಧೂಳು ಆಗಿಬರಲಿಲ್ಲವೆಂದು ದಿನಾ ಮೆಣಸಿನ ಕಷಾಯ ಕುಡಿಸಿದೆ. ಮುಖ ಕಿವುಚಿಕೊಂಡು ಕುಡಿಯುತ್ತಿದ್ದೆ, ಪಾಪ. ನೀನು ತಮ್ಮನ ಮದುವೆಗೆ ಊರಿಗೆ ಹೋದ ವಾರ ನಮ್ಮನೆ ಒಗ್ಗರಣೆ ದಿನಾ ಕರಟಿತು, ಹಾಲು ತಳ ಹಿಡಿಯಿತು. ಆಗ ಹೊಳೆಯಿತು — ಹಾಲು ತಳ ಹಿಡಿಯುವ ಮುಂಚೆ, ಇಂಗಿನ ಡಬ್ಬಿಗೆ ನಾನು ಎರಡನೇ ಸಲ ಕೈ ಹಾಕುವ ಮುಂಚೆ, ಸರಿಯಾಗಿ ಆಗಲೇ ನೀನು ಕೆಮ್ಮುತ್ತಿದ್ದದ್ದು. ನಿನಗೆಲ್ಲ ತಿಳಿದಿತ್ತು, ಯಾರಿಗೂ ಹೇಳಿರಲಿಲ್ಲ.

ನೀನು ವಾಪಸು ಬಂದೆ. ನಾನೇನು ಮಾಡಿದೆ ಗೊತ್ತೇ — ಕಷಾಯ ಕಾಯಿಸಿ ನಿನ್ನ ಕೈಗಿಟ್ಟೆ. ನಿಲ್ಲಿಸಿದರೆ ನನಗೂ ತಿಳಿಯಿತೆಂದು ನಿನಗೆ ತಿಳಿದುಬಿಡುತ್ತದಲ್ಲ. ಹೀಗೆ ವರ್ಷಗಟ್ಟಲೆ ನಿನ್ನ ಮೂಗಿನಲ್ಲಿ ಅಡುಗೆ ಮಾಡಿ ನನ್ನ ಕೈರುಚಿಯೆಂದು ಹೊಗಳಿಸಿಕೊಂಡೆ. ನನಗೆ ನಾಚಿಕೆಯಾಗುತ್ತದೆ, ರಮಾ.

ನಿನ್ನೆ ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಿದೆ. "ಚಿಕೋರಿ?" ಎಂದು ಕೇಳಿದರು. ಅದೂ ಸುಳ್ಳೇ ಎಂದೆ.

ನಾಳೆ ರಾಮನವಮಿ. ಆ ಇಂಗು ಹಾಕಿದವಳು ನಾನೆಂದು ನೆಂಟರೆದುರು ಹೇಳುತ್ತೇನೆ. ಒಲೆಯ ಮುಂದೆ ನೀನು ನಿಲ್ಲು, ಪಾಯಸ ಮಾಡು. ನಾನು ಬಾಗಿಲಲ್ಲಿ ನಿಂತಿರುತ್ತೇನೆ — ಕೆಮ್ಮುವುದಕ್ಕೆ ನನಗೆ ಯಾವ ವಾಸನೆಯೂ ತಿಳಿಯುವುದಿಲ್ಲ.